ಕಪ್ಪು ಕಿವಿಯ ಬೆಕ್ಕು

ಪ್ರಾಣಿಯೊಂದು ನಮ್ಮ ನಡುವಿನಿಂದ ಮರೆಯಾಗುವುದಕ್ಕೆ ಬಂದೂಕೇ ಬೇಕೆಂದಿಲ್ಲ; ಅದರ ಹೆಸರು ನಾಲಗೆಯಿಂದ ಜಾರಿದರೂ ಸಾಕು. ಕ್ಯಾರಕಲ್ ಎಂಬ ಕಾಡುಬೆಕ್ಕಿನ ಕಥೆ ಇಂಥದು.

ತುರ್ಕಿಯವರು ಇದನ್ನು ‘ಕರಕುಲಕ್’ ಎಂದರು. ಪಾರಸಿಯವರು ‘ಸಿಯಾಗೋಶ್’ ಎಂದರು. ಎರಡಕ್ಕೂ ಅರ್ಥ ಒಂದೇ: ಕಪ್ಪು ಕಿವಿ. ತುರ್ಕಿಯ ‘ಕರ’ವನ್ನೂ ನಮ್ಮ ‘ಕರಿ’ಯನ್ನೂ ಜೊತೆಗಿಟ್ಟು ಕೇಳಿದಾಗ ಹಿತವೆನಿಸುತ್ತದೆ, ಆದರೆ ಅಷ್ಟರಿಂದಲೇ ನೆಂಟಸ್ತಿಕೆ ಹೇಳಲಾಗದು.

ನಾಯಿಯಷ್ಟು ದೊಡ್ಡದಾದ ಈ ಪ್ರಾಣಿಯ ಮೈ ಒಣಮಣ್ಣಿನ ಕೆಂಗಂದು ಬಣ್ಣದ್ದು. ಕಿವಿಯ ಹಿಂಬದಿ ಅಚ್ಚ ಕಪ್ಪು. ತುದಿಯಲ್ಲಿ ಉದ್ದನೆಯ ಕೂದಲ ಕುಚ್ಚು. ಈ ಕುಚ್ಚನ್ನು ಕಂಡೇ ಹಿಂದಿನವರು ಇದನ್ನು ಶೀತದೇಶದ ಲಿಂಕ್ಸ್‌ನ ಬಳಗಕ್ಕೆ ಸೇರಿಸಿದರು. ವಂಶವಾಹಿಗಳ ಅಧ್ಯಯನ ಬೇರೆಯದನ್ನೇ ಹೇಳಿತು. ಇದರ ನಿಜವಾದ ದಾಯಾದಿಗಳು ಇಬ್ಬರು, ಇಬ್ಬರೂ ಆಫ್ರಿಕದವರು. ಚುಕ್ಕೆಮೈಯ, ನೀಳಕಾಲಿನ ಸರ್ವಲ್ ಹುಲ್ಲುಗಾವಲಿನದು; ಹೊಂಬಣ್ಣದ ಬೆಕ್ಕು ಮಳೆಕಾಡಿನದು. ಒಬ್ಬನಿಗೆ ಹುಲ್ಲು, ಒಬ್ಬನಿಗೆ ದಟ್ಟಡವಿ. ಕ್ಯಾರಕಲ್‌ನ ಪಾಲಿಗೆ ಬಂದದ್ದು ಕುರುಚಲು ಮತ್ತು ಕಲ್ಲುನೆಲ. ಅದು ಆಫ್ರಿಕದಿಂದ ಪಶ್ಚಿಮ ಏಷ್ಯವನ್ನು ದಾಟಿ ನಮ್ಮ ದೇಶದವರೆಗೂ ಹಬ್ಬಿತು. ಬೇಟೆಯ ರಕ್ತಮಾಂಸದಲ್ಲಿರುವ ತೇವದಿಂದಲೇ ಬಹುಕಾಲ ಬಾಯಾರಿಕೆ ನೀಗಿಕೊಳ್ಳಬಲ್ಲ ಜೀವವಿದು.

ಹಿಂಗಾಲುಗಳ ಬಲ ಇದರ ಬದುಕು. ನಿಂತಲ್ಲಿಂದಲೇ ಚಿಮ್ಮಿ, ನೆಲ ಬಿಟ್ಟೇಳುತ್ತಿರುವ ಹಕ್ಕಿಯನ್ನು ಗಾಳಿಯಲ್ಲೇ ಪಂಜದಿಂದ ಬಡಿದು ಕೆಡಹುತ್ತದೆ. ಈ ನೆಗೆತಕ್ಕೆ ಮನಸೋಲದ ಅರಸರು ಕಡಿಮೆ. 14ನೆಯ ಶತಮಾನದಲ್ಲಿ ದೆಹಲಿಯನ್ನಾಳಿದ ಫಿರೂಜ್ ಷಾ ತುಘಲಕ್ ಇವುಗಳಿಗೆಂದೇ ಪ್ರತ್ಯೇಕ ಶಾಲೆಯನ್ನಿರಿಸಿದ್ದ. ಅಕ್ಬರನಿಗೂ ಇವು ಪ್ರಿಯವಾಗಿದ್ದವು. ಅರಮನೆಯಲ್ಲಿ ಆದರ ಪಡೆದ ಈ ಬೇಟೆಗಾರ ಜನರ ನೆನಪಿನಲ್ಲಿ ಮಾತ್ರ ಬೇರೂರಲಿಲ್ಲ. ಹುಲಿಯಂತೆ ದೇವತೆಯ ವಾಹನವಾಗಲಿಲ್ಲ, ಸಿಂಹದಂತೆ ಲಾಂಛನವಾಗಲಿಲ್ಲ.

ಒಂದು ಕಾಲಕ್ಕೆ ಭಾರತದ 13 ರಾಜ್ಯಗಳಲ್ಲಿ ಇದರ ಸುಳಿವಿತ್ತೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. 2001ರ ಈಚೆಗೆ ಅದು ಕಂಡುಬಂದದ್ದು ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶಗಳಲ್ಲಿ ಮಾತ್ರ. ರಣಥಂಭೋರಿನ ಸುತ್ತಣ ಕಣಿವೆಗಳು ಮತ್ತು ಕಛ್, ಇವೆರಡೇ ಇಂದು ಅದಕ್ಕೆ ಉಳಿದಿರುವ ಮುಖ್ಯ ಆಸರೆಗಳು. ಆಫ್ರಿಕದ ದಕ್ಷಿಣ ಭಾಗದಲ್ಲಿ ಅದಕ್ಕೆ ಕೊರತೆಯಿಲ್ಲ. ಅಲ್ಲಿನ ಕುರಿಗಾರರಿಗಂತೂ ಅದು ಹಗೆ. ಇಲ್ಲಿ ಹಗೆತನ ಸಾಧಿಸುವಷ್ಟು ಪರಿಚಯವೂ ಜನಕ್ಕಿಲ್ಲ. ಕಂಡವರು ಸಾಮಾನ್ಯ ಕಾಡುಬೆಕ್ಕೆಂದೇ ಭ್ರಮಿಸುವುದುಂಟು.

ಕಾನೂನು ಇದನ್ನು ಕೈಬಿಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇದರ ಹೆಸರಿದೆ. 2021ರಲ್ಲಿ ತೀವ್ರ ಅಪಾಯಕ್ಕೊಳಗಾದ ಜೀವಿಗಳ ಪುನಶ್ಚೇತನ ಪಟ್ಟಿಗೂ ಸೇರಿತು. ಆದರೆ ಅದು ಬಾಳುವ ಕುರುಚಲು ನೆಲವನ್ನು ನಾವು ಏನೆಂದು ಕರೆಯುತ್ತೇವೆ? ಪಾಳುಭೂಮಿ ಎನ್ನುತ್ತೇವೆ. ದಟ್ಟವಾಗಿ ಹಸಿರಾಗಿದ್ದರೆ ಕಾಡು, ಇಲ್ಲವಾದರೆ ಬರಡು ಎಂಬುದು ನಮ್ಮ ಲೆಕ್ಕ. ಪಾಳೆಂದು ಬರೆದ ಮೇಲೆ ಅಲ್ಲಿ ಕಲ್ಲುಗಣಿ ತೋಡುವುದಕ್ಕೂ ನೇಗಿಲೂಡುವುದಕ್ಕೂ ಯಾರೂ ಅಳುಕಬೇಕಾಗಿಲ್ಲ.

ಅದೇ ಅರಮನೆಗಳಲ್ಲಿ ಸಾಕಿದ್ದ ಇನ್ನೊಂದು ಬೇಟೆಗಾರ ಚೀತಾ. ಅದು ದೇಶದಲ್ಲಿ ಅಳಿಯಿತೆಂದು 1952ರಲ್ಲಿ ಘೋಷಿಸಿದೆವು. 2022ರಲ್ಲಿ ಕಡಲಾಚೆಯಿಂದ ತರಿಸಿ ಕುನೋ ಕಾಡಿಗೆ ಬಿಟ್ಟೆವು. ಕಳೆದುಕೊಂಡದ್ದನ್ನು ಹೊರಗಿನಿಂದ ತರುವ ಶ್ರಮಕ್ಕಿಂತ ಉಳಿದಿರುವುದನ್ನು ಉಳಿಸಿಕೊಳ್ಳುವುದು ಹಗುರವಲ್ಲವೆ? ಅದಕ್ಕೆ ಮೊದಲ ಹೆಜ್ಜೆ ದೊಡ್ಡದೇನಲ್ಲ. ಕುರುಚಲು ನೆಲವನ್ನು ಪಾಳೆನ್ನುವ ಮುನ್ನ, ಅಲ್ಲಿ ಎರಡು ಕಪ್ಪು ಕಿವಿಗಳು ನಿಮಿರಿ ಕಾಯುತ್ತಿರಬಹುದೆಂದು ಒಂದು ಗಳಿಗೆ ನೆನೆಯುವುದು.