ಬರಿಗಾಲಿನ ದಾರಿ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡದ ಉಪಾಧ್ಯಾಯನಾದ ನಾನು ಈ ವೇದಿಕೆಯನ್ನೇರಿದಾಗಲೆಲ್ಲ ಛಂದಸ್ಸನ್ನೋ ಕಾವ್ಯವನ್ನೋ ಕುರಿತು ಮಾತನಾಡುವುದು ವಾಡಿಕೆ. ಇಂದು ಅದನ್ನು ಬದಿಗಿಟ್ಟು, ಕಾಲಡಿಯ ನೆಲವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಶಾಲೆಯ ಹಿಂದಣ ಗುಡ್ಡೆಯ ಕಾಡಿನಲ್ಲಿ ಮಕ್ಕಳು ಬರಿಗಾಲಿನಿಂದ ನಡೆಯಲು ಒಂದು ದಾರಿಯನ್ನು ಮಾಡಬೇಕೆಂಬ ಸಲಹೆ ಸಂಘದ ಮುಂದಿದೆ. ಅದಕ್ಕೆ ಎಂತಹ ಸ್ಥಳವನ್ನು ಆರಿಸಬೇಕು, ದಾರಿಯನ್ನು ಹೇಗೆ ರೂಪಿಸಬೇಕು ಎಂಬುದೇ ನನ್ನ ವಿಷಯ.

ಈ ಯೋಚನೆ ಹುಟ್ಟಿದ್ದು ಶ್ರವಣಬೆಳಗೊಳದಲ್ಲಿ. ಪ್ರವಾಸಕ್ಕೆಂದು ಮಕ್ಕಳನ್ನು ಕರೆದುಕೊಂಡು ವಿಂಧ್ಯಗಿರಿಯ ಬುಡವನ್ನು ಸೇರುವಾಗ ಹೊತ್ತು ಏರಿತ್ತು. ಅಲ್ಲಿ ಪಾದರಕ್ಷೆಗಳನ್ನು ಕೆಳಗೆ ಬಿಟ್ಟು, ಬಂಡೆಯಲ್ಲೇ ಕಡೆದ ೬೦೦ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಬೇಕು. ಬಿಸಿಲಿಗೆ ಕಾದ ಬಂಡೆ ಸುಡುವುದು ಸಹಜ, ಅದನ್ನು ದೂರುವಂತಿಲ್ಲ. ಆದರೆ ಕೆಳಗೆ ಮರದ ನೆರಳಿನ ತಂಪು ಮಣ್ಣಿನಲ್ಲಿಯೂ ನಮ್ಮ ಮಕ್ಕಳು ಮುಳ್ಳಿನ ಮೇಲೆ ನಿಂತವರಂತೆ ಹೆಜ್ಜೆಯಿಡುತ್ತಿದ್ದುದನ್ನು ಕಂಡು ನನಗೆ ವ್ಯಥೆಯಾಯಿತು. ನೆಲವೇ ಅವರಿಗೆ ಪರಕೀಯವಾಗಿತ್ತು.

ಮನೆಗೆ ಬಂದು ತಂದೆಯವರಲ್ಲಿ ಇದನ್ನು ಹೇಳಿದೆ. ಮೂರು ಮೈಲಿ ಬರಿಗಾಲಿನಿಂದ ನಡೆದು ಶಾಲೆ ಕಲಿತವರು ಅವರು. ನಗಲಿಲ್ಲ. "ಮೆಟ್ಟು ಕೊಳ್ಳಲು ಕಾಸಿಲ್ಲದೆ ನಾವು ಹಾಗೆ ನಡೆದೆವು ಮಗಾ. ನೀನು ಅದನ್ನೇ ಪಾಠ ಮಾಡಹೊರಟೆಯಾ?" ಎಂದರು. ಈ ಮಾತಿಗೆ ಉತ್ತರ ಕೊಡದೆ ಯಾರೂ ಇಂತಹ ದಾರಿಯನ್ನು ಮಾಡಬಾರದು. ಮೆಟ್ಟು ಕೊಳ್ಳಲಾಗದವನ ಬರಿಗಾಲು ವ್ರತವಲ್ಲ, ಕಷ್ಟ. ಮಲದಿಂದ ಕೆಟ್ಟ ತೇವದ ಮಣ್ಣಿನಲ್ಲಿ ನಡೆದವರ ಅಂಗಾಲಿನ ಚರ್ಮವನ್ನು ಕೊರೆದು ಕೊಕ್ಕೆಹುಳು ಒಳಹೊಕ್ಕು, ರಕ್ತವನ್ನು ಹೀರಿ, ಎಷ್ಟೋ ಮಂದಿಯನ್ನು ಬಿಳಿಚಿಸಿತು. ಆದುದರಿಂದ ನಾವು ಮಾಡುವ ದಾರಿ ಹಿಂದಿನ ಕಷ್ಟವನ್ನು ಮರಳಿ ತರುವುದಲ್ಲ. ಆ ಕಷ್ಟವನ್ನು ಕಳೆದು, ನೆಲದ ಪರಿಚಯವನ್ನು ಮಾತ್ರ ಉಳಿಸಿಕೊಳ್ಳುವುದು.

ಇದು ನನ್ನೊಬ್ಬನ ಕಲ್ಪನೆಯೂ ಅಲ್ಲ. ಬವೇರಿಯಾದ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ (೧೮೨೧–೧೮೯೭) ಎಂಬವರು ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಿನ ನಡಿಗೆಯನ್ನು ತಮ್ಮ ಜಲಚಿಕಿತ್ಸೆಯ ಅಂಗವಾಗಿ ಬೋಧಿಸಿದರು. ಆ ಜರ್ಮನಿಯಲ್ಲಿಯೇ ಬಾಡ್ ಸೋಬರ್ನ್‌ಹೈಮ್ ಎಂಬ ಊರಿನಲ್ಲಿ ೧೯೯೨ರಲ್ಲಿ ಸುಮಾರು ಮೂರೂವರೆ ಕಿಲೋಮೀಟರು ಉದ್ದದ ಬರಿಗಾಲಿನ ದಾರಿ ತೆರೆಯಿತು. ಹುಲ್ಲು, ಜೇಡಿಯ ಕೆಸರು, ಕಲ್ಲು, ಮರದ ದಿಮ್ಮಿ ಇವನ್ನೆಲ್ಲ ಮೆಟ್ಟಿ, ನಾಹೆ ನದಿಯನ್ನು ನೀರಿಗಿಳಿದೇ ದಾಟುವಂತೆ ಅದನ್ನು ರಚಿಸಿದ್ದಾರೆ. ಆದರೆ ಅವರದು ತಂಪು ನಾಡು. ಕಾಸರಗೋಡಿನ ನೆಲದ ಗುಣವೇ ಬೇರೆ.

ಆದುದರಿಂದ ಮೊದಲು ಸ್ಥಳದ ವಿಚಾರ. ನಮ್ಮದು ಮುರಕಲ್ಲಿನ ಸೀಮೆ. ಬುಕನನ್ ೧೮೦೭ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟುದು ನಮ್ಮ ದಕ್ಷಿಣಕ್ಕಿರುವ ಮಲಬಾರಿನ ಅಂಗಡಿಪುರದ ಕಲ್ಲನ್ನು ಕಂಡೇ. ನೆಲದೊಳಗಿರುವಾಗ ಕೊಡಲಿಗೆ ಮಣಿಯುವ ಈ ಕಲ್ಲು ಗಾಳಿಬಿಸಿಲು ತಾಗಿದೊಡನೆ ಗಟ್ಟಿಯಾಗುತ್ತದೆ. ಮಧ್ಯಾಹ್ನ ಕಾದ ಹೆಂಚಿನಂತೆ ಸುಡುತ್ತದೆ. ಮಳೆಗಾಲದಲ್ಲಿ ಹಾವಸೆ ಕಟ್ಟಿ ಜಾರುತ್ತದೆ. ಆದುದರಿಂದ ತೆರೆದ ಪಾರೆಯನ್ನು ಬಿಟ್ಟು, ನೆರಳುಳ್ಳ ಇಳಿಜಾರನ್ನು ಹುಡುಕಬೇಕು. ಹಟ್ಟಿ, ಕಕ್ಕಸುಗಳ ನೀರು ಹರಿದು ಬರುವ ಕಡೆ ಬೇಡ. ಹಂದಿ, ಆನೆಗಳು ತಿರುಗಾಡುವ ಜಾಡು ಬೇಡ. ಬಿದಿರುಮೆಳೆಯ ಬಳಿ ಮುಳ್ಳು ತಪ್ಪದು. ಚೇರೆಮರದ ಸೊನೆ ತಾಗಿದರೆ ಮೈ ಊದುತ್ತದೆ. ನಾಗಬನದ ಒಳಗಂತೂ ಸರ್ವಥಾ ಕೂಡದು. ಮನುಷ್ಯನ ಕಾಲು ಬೀಳದುದರಿಂದಲೇ ಅದು ಬನವಾಗಿ ಉಳಿದಿದೆ. ಅರಣ್ಯ ಇಲಾಖೆಯ ನೆಲವಾದರೆ ಅವರ ಅನುಮತಿಯಿಲ್ಲದೆ ಒಂದು ಗಿಡವನ್ನೂ ಸರಿಸುವಂತಿಲ್ಲ. ಹಿಂದಿನವರು ತುಳಿದು ಬಿಟ್ಟ ಹಳೆಯ ಕಾಲುದಾರಿಯೊಂದು ಸಿಕ್ಕಿದರೆ ಅದೇ ಉತ್ತಮ. ಸುಲಭವಾದ ಏರನ್ನು ಅವರ ಕಾಲುಗಳು ಆಗಲೇ ಆರಿಸಿರುತ್ತವೆ.

ಇನ್ನು ರಚನೆ. ನೂರು ಅಡಿ ನಡೆದರೆ ಹತ್ತು ಅಡಿಗಿಂತ ಹೆಚ್ಚು ಏರಬಾರದು. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ನೇರವಾಗಿ ಇಳಿಯುವ ದಾರಿ ಎರಡೇ ವರ್ಷಗಳಲ್ಲಿ ತೋಡಾಗುತ್ತದೆ. ಗುಡ್ಡೆಯ ಮೈಗೆ ಅಡ್ಡಲಾಗಿ, ಹೊರಮಗ್ಗುಲಿಗೆ ತುಸು ವಾಲಿಸಿ ಕಡಿದರೆ ನೀರು ದಾರಿಯುದ್ದಕ್ಕೂ ಹರಿಯದೆ ಅಡ್ಡ ದಾಟಿಹೋಗುತ್ತದೆ. ಮೊದಲು ಮೆತ್ತನೆಯ ಮಣ್ಣು, ಬಳಿಕ ಹುಲ್ಲು, ಬಳಿಕ ಮರಳು, ಆಮೇಲೆ ಹೊಳೆಯ ಉರುಟು ಕಲ್ಲು, ಕೊನೆಗೆ ತೋಡಿನ ತಿಳಿನೀರು: ಈ ಕ್ರಮದಲ್ಲಿ ಕಾಲು ಪಳಗಲಿ. ಯಂತ್ರದಲ್ಲಿ ಒಡೆದ ಜಲ್ಲಿ ಮಾತ್ರ ಬೇಡ. ಪಾದದಲ್ಲಿ ೨೬ ಎಲುಬುಗಳಿವೆ. ಸಮನಾದ ಸಿಮೆಂಟಿನ ಮೇಲೆ ದೊರೆಯದ ವ್ಯಾಯಾಮ ಅವುಗಳನ್ನು ಹಿಡಿದಿರುವ ಸಣ್ಣ ಸ್ನಾಯುಗಳಿಗೆ ಇಲ್ಲಿ ದೊರೆಯುತ್ತದೆ. ಅರ್ಧ ಕಿಲೋಮೀಟರು ಸಾಕು. ನಡುನಡುವೆ ಹೊರಬಂದು ಮೆಟ್ಟು ಹಾಕಿಕೊಳ್ಳುವ ಅವಕಾಶವೂ ಇರಲಿ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಳೆದ ವರ್ಷ ನಾನು ಅವಸರಪಟ್ಟು, ತರಗೆಲೆಯನ್ನು ಗುಡಿಸದೆ, ನಾನು ಮೆಟ್ಟು ಹಾಕಿಕೊಂಡೇ ದಾರಿ ತೋರಿಸುತ್ತ ಮಕ್ಕಳನ್ನು ಗುಡ್ಡೆಗೆ ಕರೆದೊಯ್ದೆ. ಎಲೆಯಡಿಯಲ್ಲಿದ್ದ ಬಾಟಲಿಯ ಚೂರು ಒಬ್ಬ ಹುಡುಗನ ಹಿಮ್ಮಡಿಯನ್ನು ಸೀಳಿತು. ಅವನನ್ನು ಎತ್ತಿಕೊಂಡು ಇಳಿಯುವಾಗ ಪ್ರತಿಯೊಂದು ಹೆಜ್ಜೆಯೂ ನನ್ನನ್ನು ಶಪಿಸುವಂತಿತ್ತು. ಅಂದಿನಿಂದ ನನ್ನ ನಿಯಮ ಒಂದೇ: ದಾರಿಯನ್ನು ಮಾಡುವವನು ತಾನೇ ಮೊದಲು ಬರಿಗಾಲಿನಿಂದ, ಮಳೆಗಾಲ, ಚಳಿಗಾಲ, ಬೇಸಗೆ ಮೂರರಲ್ಲಿಯೂ ಅದನ್ನು ನಡೆದು ನೋಡಬೇಕು. ಕಣ್ಣು ಒಪ್ಪಿದ ನೆಲವನ್ನು ಕಾಲು ಒಪ್ಪದಿರಬಹುದು.

ದಾರಿಯನ್ನು ದಿನವೂ ಗುಡಿಸಬೇಕು. ತರಗೆಲೆಯಲ್ಲಿ ಮುಳ್ಳೂ ಇರುತ್ತದೆ, ಹಾವೂ ಇರುತ್ತದೆ. ಜಿಗಣೆಯ ಮಳೆಗಾಲದಲ್ಲಿ ಮುಚ್ಚಿ, ದೀಪಾವಳಿಯಿಂದ ಶಿವರಾತ್ರಿಯವರೆಗೆ ಬೆಳಗಿನ ಹೊತ್ತು ಮಾತ್ರ ತೆರೆಯಬೇಕು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು, ಕಾಲಿನಲ್ಲಿ ಗಾಯವಿರುವವರು ನಡೆಯಬಾರದು. ಧನುರ್ವಾಯುವಿನ ಚುಚ್ಚುಮದ್ದನ್ನು ಪ್ರತಿಯೊಂದು ಮಗುವಿಗೂ ಹಾಕಿಸಿರಬೇಕು.

ಕೊನೆಯದಾಗಿ ಉಪಾಧ್ಯಾಯನ ಸ್ವಾರ್ಥದ ಒಂದು ಮಾತು. ಪಾರೆ, ತೋಡು, ಕಟ್ಟಪುಣಿ, ಸಂಕ, ತಡಮೆ ಎಂಬ ಮಾತುಗಳನ್ನು ನಾನು ಹಲಗೆಯ ಮೇಲೆ ಬರೆದು ಕಲಿಸುತ್ತಿದ್ದೇನೆ. ಅವು ಹಲಗೆಯ ಮೇಲೆ ಬದುಕುವ ಮಾತುಗಳಲ್ಲ. ಒಮ್ಮೆ ಕಾಲಿಗೆ ತಾಗಿದ ಮಾತು ನಾಲಿಗೆಯನ್ನು ಬಿಟ್ಟು ಹೋಗದು.

ತಂದೆಯವರಿಗೆ ಇಷ್ಟನ್ನೂ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, "ಗುಡಿಸುವವರು ಯಾರೆಂದು ಮೊದಲು ಗೊತ್ತುಮಾಡು" ಎಂದರು. ಆ ಪ್ರಶ್ನೆಯನ್ನೇ ಈ ಸಭೆಯ ಮುಂದಿಡುತ್ತೇನೆ. ಸೋಮವಾರದ ಸರದಿ ನನ್ನದು. ಉಳಿದ ದಿನಗಳಿಗೆ ತಾವು ಹೆಸರು ಕೊಡಬೇಕೆಂದು ಪ್ರಾರ್ಥಿಸುತ್ತೇನೆ.