ಇಲಿಗೆ ಮೂರು ವರ್ಷ, ಬಾವಲಿಗೆ ನಲವತ್ತೊಂದು: ಯಾಕೆ ಹೀಗೆ?

ಕೊಣನೂರಿನ ಕಾವೇರಿ ದಡದಲ್ಲಿ ಸಂಜೆ ನಿಂತ್ರೆ ತಲೆ ಮೇಲೆ ಬಾವಲಿ ಹಾರುತ್ತೆ. ಮನೆಗೆ ಬಂದ್ರೆ ಅಟ್ಟದಲ್ಲಿ ಇಲಿ ಓಡುತ್ತೆ. ಮನೆಯ ಸಣ್ಣ ಇಲಿಯ ಆಯಸ್ಸು ಹೆಚ್ಚಂದ್ರೆ ಎರಡು-ಮೂರು ವರ್ಷ. ಆದ್ರೆ ಸೈಬೀರಿಯಾದ ಒಂದು ಬಾವಲಿ ಕನಿಷ್ಠ 41 ವರ್ಷ ಬದುಕಿತ್ತು. ಅದರ ಜಾತಿಯ ತೂಕ ಬರೀ 7 ಗ್ರಾಂ ಆಸುಪಾಸು!

ಅಂದ್ರೆ ಗಾತ್ರ ಒಂದೇ ಕಾರಣ ಅಲ್ಲ. ವಿಜ್ಞಾನಿಗಳು ಕೊಡೋ ಒಂದು ಮುಖ್ಯ ಉತ್ತರ: ಅಪಾಯ. ಬೆಕ್ಕು, ಹಾವು, ಗೂಬೆ ಎಲ್ಲಕ್ಕೂ ಇಲಿಯೇ ಊಟ. ಹಾಗಾಗಿ ತಲೆಮಾರುಗಳಿಂದ ಗೆದ್ದಿದ್ದು ಬೇಗ ಬೇಗ ಮರಿ ಹಾಕೋ ಇಲಿಗಳೇ. ದೇಹದ ರಿಪೇರಿಗೆ ಶಕ್ತಿ ಉಳಿಸಿದವಲ್ಲ. ಬಾವಲಿ ಹಾರಿ ತಪ್ಪಿಸಿಕೊಳ್ಳುತ್ತೆ. ದೊಡ್ಡ ಆನೆಯನ್ನ ಹುಲಿಯೂ ಸುಲಭಕ್ಕೆ ಮುಟ್ಟಲ್ಲ. ಇವುಗಳ ರಿಪೇರಿ ವ್ಯವಸ್ಥೆ ಗಟ್ಟಿ. ಕ್ಯಾನ್ಸರ್ ತಡೆಯೋ ಪಿ53 ಜೀನ್ ನಮ್ಮಲ್ಲಿ ಒಂದು ಜೊತೆ, ಆನೆಯಲ್ಲಿ ಸುಮಾರು 20 ಜೊತೆ.

ಹಾಸನ ಜಿಲ್ಲೆಯವರಿಗೆ ಇದು ಬರೀ ಕುತೂಹಲ ಅಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ಬಳಿ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ತೀರಿಕೊಂಡ. ಅವನಿಗೆ 60 ದಾಟಿತ್ತು.

ಹೆಣ್ಣಾನೆ ಸುಮಾರು 22 ತಿಂಗಳು ಹೊತ್ತು, ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತೆ. ಇನ್ನೊಂದಕ್ಕೆ ನಾಲ್ಕೈದು ವರ್ಷ. ನೂರು ಇಲಿ ಸತ್ರೆ ಕೆಲವೇ ತಿಂಗಳಲ್ಲಿ ಸರಿಹೋಗುತ್ತೆ. ಕರೆಂಟ್ ತಂತಿಗೆ ಒಂದು ಹೆಣ್ಣಾನೆ ಬಲಿಯಾದ್ರೆ? ಆ ಜಾಗಕ್ಕೆ ಇನ್ನೊಂದು ಬೆಳೆದು ನಿಲ್ಲೋಕೆ ಹತ್ತು-ಹದಿನೈದು ವರ್ಷ ಬೇಕು.

ಗದ್ದೆ, ತೋಟ ಕಳಕೊಂಡ ರೈತರ ಸಿಟ್ಟು ಸುಳ್ಳಲ್ಲ. ಆದ್ರೆ ನಿಧಾನಕ್ಕೆ ಬದುಕೋ ಪ್ರಾಣಿಯ ನಷ್ಟ ತುಂಬೋದೂ ಅಷ್ಟೇ ನಿಧಾನ. ಈ ಲೆಕ್ಕ ಮರೀಬೇಡಿ.