ಆಟಗಾರನ ಭಾನುವಾರ ಯಾರದು?

(ಕಾರ್ಮಿಕರ ಅಧ್ಯಯನ ಮಂಡಲದಲ್ಲಿ ಮಾಡಿದ ಭಾಷಣ)



ಈ ಸಂಜೆ ಕೂಲಿ, ಬೋನಸ್ಸು, ತೆರಿಗೆಗಳ ಮಾತನ್ನು ಸ್ವಲ್ಪ ಬದಿಗಿಟ್ಟು, ಐರ್ಲೆಂಡ್ ದೇಶದ ಒಂದು ಆಟದ ಸಂಘದ ವಿಷಯ ಹೇಳಬೇಕೆಂದು ನಿಂತಿದ್ದೇನೆ. ಆಟಕ್ಕೂ ನಮ್ಮ ಪಕ್ಷಕ್ಕೂ ಏನು ಸಂಬಂಧವೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಸಂಬಂಧ ಇದೆ. ಅಲ್ಲಿ ನಡೆದ ಜಗಳ ಚೆಂಡಿನದಲ್ಲ, ವೇಳೆಯದು. ದುಡಿಯುವ ಮನುಷ್ಯನ ಬಿಡುವಿಗೆ ಯಜಮಾನ ಯಾರು ಎಂಬುದೇ ಅಲ್ಲಿಯ ಪ್ರಶ್ನೆ. ಪಾಳಿಯ ಮೇಲೆ ದುಡಿಯುವವರಿಗೂ, ವಾರಕ್ಕೊಂದು ದಿನ ಅಂಗಡಿಯ ಬಾಗಿಲು ಹಾಕುವವರಿಗೂ ಈ ಪ್ರಶ್ನೆ ಹೊಸದಲ್ಲ.

1884ನೆಯ ಇಸವಿ ನವೆಂಬರ್ 1ರಂದು ಟಿಪ್ಪರರಿ ಸೀಮೆಯ ಥರ್ಲ್ಸ್ ಎಂಬ ಊರಿನ ಹೋಟೆಲೊಂದರಲ್ಲಿ ಬೆರಳೆಣಿಕೆಯ ಮಂದಿ ಕೂಡಿ ಗೇಲಿಕ್ ಅಥ್ಲೆಟಿಕ್ ಸಂಘವನ್ನು ಕಟ್ಟಿದರು. ಮುಂದೆ ನಿಂತವರು ಮೈಕೆಲ್ ಕ್ಯೂಸಾಕ್ ಎಂಬ ಉಪಾಧ್ಯಾಯರು. ಆಗ ಅಲ್ಲಿ ಬ್ರಿಟಿಷರ ಆಳ್ವಿಕೆ. ಕ್ರೀಡೆ ಎಂದರೆ ದೊಡ್ಡವರ ಸೊತ್ತು. ಕೂಲಿಗಾರನಿಗೂ ಕುಶಲಕರ್ಮಿಗೂ ಅನೇಕ ಕಡೆ ಬಾಗಿಲೇ ಇರಲಿಲ್ಲ. ಈ ಸಂಘ ಆ ಬಾಗಿಲನ್ನು ತೆರೆಯಿತು. ಬಡವನಿಗೆ ಬಿಡುವಿದ್ದುದು ಭಾನುವಾರ ಒಂದೇ. ಆದುದರಿಂದ ಆಟವೂ ಭಾನುವಾರವೇ ಆಯಿತು. 1920ರ ನವೆಂಬರ್ 21, ಅದೂ ಭಾನುವಾರವೇ. ಡಬ್ಲಿನ್ ನಗರದ ಕ್ರೋಕ್ ಪಾರ್ಕ್ ಮೈದಾನದಲ್ಲಿ ಪಂದ್ಯ ನಡೆಯುತ್ತಿದ್ದಾಗ ಬ್ರಿಟಿಷ್ ಪಡೆ ಗುಂಡು ಹಾರಿಸಿತು. 14 ಜನ ಸತ್ತರು. ಮೈಕೆಲ್ ಹೋಗನ್ ಎಂಬ ಆಟಗಾರನೂ ಅವರಲ್ಲಿ ಒಬ್ಬ. ಇಂಥ ಸಂಘವನ್ನು ಆ ಜನ ತಮ್ಮದೆಂದು ಎದೆಗೆ ಅಪ್ಪಿಕೊಂಡಿದ್ದರಲ್ಲಿ ಆಶ್ಚರ್ಯವೇನು?

ಆಟಗಳು ಮುಖ್ಯವಾಗಿ ಎರಡು. ಒಂದು ಬೂದಿಮರದ ಕೋಲು ಹಿಡಿದು ಸಣ್ಣ ಚೆಂಡನ್ನು ಹೊಡೆಯುವ ಹರ್ಲಿಂಗ್. ಇನ್ನೊಂದು ಕೈ ಕಾಲು ಎರಡನ್ನೂ ಬಳಸುವ ಗೇಲಿಕ್ ಫುಟ್‌ಬಾಲ್. ಒಂದೊಂದು ಕಡೆಗೆ 15 ಮಂದಿ. ಆಡುವವರಿಗೆ ಸಂಬಳವಿಲ್ಲ. ಕ್ರೋಕ್ ಪಾರ್ಕಿನಲ್ಲಿ 82 ಸಾವಿರ ಜನರ ಮುಂದೆ ಅಂತಿಮ ಪಂದ್ಯ ಗೆದ್ದವನು ಮತ್ತೆ ಶಾಲೆಯಲ್ಲಿ ಪಾಠ ಹೇಳುತ್ತಾನೆ, ಇಲ್ಲವೆ ಹೊಲದಲ್ಲಿ ದುಡಿಯುತ್ತಾನೆ. ಸಂಘದ ಕಟ್ಟಡ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಊರಿಗೊಂದು ಕ್ಲಬ್ಬು, ಅದರ ಮೇಲೆ ನಮ್ಮ ಜಿಲ್ಲೆಯಂತೆ ಕೌಂಟಿ, ಅದರ ಮೇಲೆ ನಾಲ್ಕು ಪ್ರಾಂತಗಳು, ಎಲ್ಲಕ್ಕೂ ಮೇಲೆ ಪ್ರತಿನಿಧಿಗಳ ವಾರ್ಷಿಕ ಮಹಾಧಿವೇಶನ. ಕಾಗದದ ಮೇಲೆ ಇದಕ್ಕಿಂತ ಪ್ರಜಾಸತ್ತಾತ್ಮಕವಾದುದು ಇನ್ನೊಂದಿಲ್ಲ.

ಹಾಗಿದ್ದ ಮೇಲೆ ತಕರಾರು ಎಲ್ಲಿ ಬಂತು? ಆಟಗಾರರಲ್ಲಿ ಕೌಂಟಿಯ ಪರವಾಗಿ ಆಡುವವರು ಬಲು ಕೊಂಚ. ಉಳಿದವರೆಲ್ಲ ತಮ್ಮ ಊರಿನ ಕ್ಲಬ್ಬಿಗೆ ಮಾತ್ರ ಆಡುವವರು. ಆದರೆ ಟಿಕೆಟ್ಟಿನ ದುಡ್ಡು, ದೂರದರ್ಶನ, ಪತ್ರಿಕೆಗಳ ಕಣ್ಣು ಎಲ್ಲವೂ ಕೌಂಟಿ ಪಂದ್ಯಗಳ ಮೇಲೆ. ಕೌಂಟಿ ತಂಡ ಚಾಂಪಿಯನ್‌ಶಿಪ್ಪಿನಲ್ಲಿ ಉಳಿದಿರುವ ತನಕ ಅದರ ಮ್ಯಾನೇಜರು ತನ್ನ ಆಟಗಾರರನ್ನು ಬಿಡಲೊಲ್ಲ. ಅವರಿಲ್ಲದೆ ಊರಿನ ಕ್ಲಬ್ಬು ತನ್ನ ಮುಖ್ಯ ಪಂದ್ಯ ಆಡಲೊಲ್ಲದು. ಹೀಗಾಗಿ ವಸಂತದಲ್ಲಿ ಒಂದೆರಡು ಪಂದ್ಯ ಆಡಿ ಬೇಸಿಗೆಯೆಲ್ಲ ಕಾದು ಕೂತು, ಮಳೆ ಕೆಸರಿನ ಕಾಲದಲ್ಲಿ ಉಳಿದ ಪಂದ್ಯಗಳನ್ನು ಒಂದರ ಮೇಲೊಂದು ಆಡಿ ಮುಗಿಸಬೇಕು. ಮುಂದಿನ ಪಂದ್ಯ ಯಾವಾಗ ಎಂದು ಕೇಳಿದರೆ ಹೇಳುವವರಿಲ್ಲ. ಮದುವೆಯ ದಿನ ಗೊತ್ತುಮಾಡುವ ಹಾಗಿಲ್ಲ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗೂ ಹೋಗುವ ಹಾಗಿಲ್ಲ. ಪಾಳಿಯ ಪಟ್ಟಿಯನ್ನು ಹಿಂದಿನ ದಿನದ ಸಂಜೆ ಅಂಟಿಸಿದರೆ ಹೇಗಾಗುತ್ತದೆಂದು ನಿಮಗೆ ನಾನು ಹೇಳಬೇಕೆ?

1999ರಲ್ಲಿಯೇ ಕೌಂಟಿ ಆಟಗಾರರು ತಮ್ಮದೊಂದು ಸಂಘ ಕಟ್ಟಿಕೊಂಡಿದ್ದರು. ಕ್ಲಬ್ ಆಟಗಾರರು ಎಚ್ಚೆತ್ತದ್ದು 2017ರಲ್ಲಿ. ಅವರು ಸಂಬಳ ಕೇಳಲಿಲ್ಲ, ಸವಲತ್ತು ಕೇಳಲಿಲ್ಲ. ‘ವೇಳಾಪಟ್ಟಿಯನ್ನು ಸರಿಪಡಿಸಿ’ ಎಂಬ ಒಂದೇ ಬೇಡಿಕೆ. ಅದೇ ವರ್ಷದ ಮಹಾಧಿವೇಶನ ಮಾಡಿದ್ದೇನು? ಎರಡೂ ಆಟಗಾರ ಸಂಘಗಳು ಬೇಡವೆಂದರೂ, ಫುಟ್‌ಬಾಲಿನ ಕೊನೆಯ ಎಂಟು ತಂಡಗಳಿಗೆ ಇನ್ನಷ್ಟು ಪಂದ್ಯ ಸೇರಿಸುವ ಯೋಜನೆಯನ್ನು ಅಂಗೀಕರಿಸಿತು. 2018ರಲ್ಲಿ ಏಪ್ರಿಲ್ ತಿಂಗಳನ್ನು ಕ್ಲಬ್ಬುಗಳಿಗೆ ಮೀಸಲೆಂದು ಸಾರಿದರು. ತಿಂಗಳು ಬಂತು, ಹೋಯಿತು. ಅನೇಕ ಕೌಂಟಿಗಳಲ್ಲಿ ಮ್ಯಾನೇಜರುಗಳು ಆಟಗಾರರನ್ನು ಅಭ್ಯಾಸಕ್ಕೆ ಹಿಡಿದಿಟ್ಟುಕೊಂಡರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಐರ್ಲೆಂಡಿಗೂ ಸಲ್ಲುತ್ತದೆ.

ಬದಲಾವಣೆ ಬಂದದ್ದು ಕಷ್ಟದ ಕಾಲದಲ್ಲಿ. 2020ರ ಕೋವಿಡ್ ಪಿಡುಗಿನಲ್ಲಿ ಎಲ್ಲ ಆಟ ನಿಂತಿತು. ಮತ್ತೆ ಆರಂಭಿಸುವಾಗ ಮೊದಲು ಕ್ಲಬ್ಬು, ಆಮೇಲೆ ಕೌಂಟಿ ಎಂದು ವರ್ಷವನ್ನು ಎರಡಾಗಿ ಸೀಳಿದರು. ಆಗುವುದಿಲ್ಲವೆಂದು ದೊಡ್ಡವರು ಹೇಳುತ್ತ ಬಂದದ್ದು ಆಗಿಯೇ ಆಯಿತು! 2021ರ ಮಹಾಧಿವೇಶನ ಈ ವಿಭಜನೆಯನ್ನು ಖಾಯಂ ಮಾಡಿತು. ವರ್ಷದ ಮೊದಲ ಭಾಗ ಕೌಂಟಿಗೆ, ಮಿಕ್ಕದ್ದು ಕ್ಲಬ್ಬಿಗೆ. ಹಿಂದೆ ಸೆಪ್ಟೆಂಬರಿನಲ್ಲಿ ನಡೆಯುತ್ತಿದ್ದ ಅಖಿಲ ಐರ್ಲೆಂಡ್ ಅಂತಿಮ ಪಂದ್ಯಗಳು 2022ರಲ್ಲಿ ಜುಲೈ 17 ಮತ್ತು 24ರಂದೇ ಮುಗಿದವು. ಕ್ಲಬ್ ಆಟಗಾರರ ಸಂಘ 2021ರಲ್ಲಿ, ಕೆಲಸ ಮುಗಿಯಿತೆಂದು, ತನ್ನನ್ನು ತಾನೇ ವಿಸರ್ಜಿಸಿಕೊಂಡಿತು. ಕುರ್ಚಿಗಾಗಿ ಸಂಘ ಕಟ್ಟುವವರು ಇದನ್ನು ಸ್ವಲ್ಪ ಗಮನಿಸಬೇಕು.

ಇನ್ನು ಪಂದ್ಯಾವಳಿಯ ಕ್ರಮ. ಹಳೆಯ ಕಾಲದಲ್ಲಿ ಸೋತರೆ ಮನೆಗೆ. ಚಳಿಗಾಲದಿಂದ ಬೆವರು ಸುರಿಸಿದ ತಂಡ, 70 ನಿಮಿಷದ ಒಂದೇ ಪಂದ್ಯದಲ್ಲಿ ಸೋತು ವರ್ಷವನ್ನೇ ಕಳೆದುಕೊಳ್ಳುತ್ತಿತ್ತು. ಹರ್ಲಿಂಗಿನಲ್ಲಿ 1997ರಿಂದ, ಫುಟ್‌ಬಾಲಿನಲ್ಲಿ 2001ರಿಂದ ಸೋತವರಿಗೆ ಇನ್ನೊಂದು ಅವಕಾಶ ಬಂತು. ಆದರೆ ಮೂಲ ಅಸಮಾನತೆ ಹಾಗೆಯೇ ಉಳಿಯಿತು. 2022ರ ಜನಗಣತಿಯಂತೆ ಡಬ್ಲಿನ್ ಕೌಂಟಿಯ ಜನಸಂಖ್ಯೆ 14 ಲಕ್ಷಕ್ಕೂ ಮೇಲು. ಲೀಟ್ರಿಮ್ ಕೌಂಟಿಯದು ಸುಮಾರು 35 ಸಾವಿರ. ಡಬ್ಲಿನ್ 2015ರಿಂದ 2020ರವರೆಗೆ ಸತತ ಆರು ವರ್ಷ ಫುಟ್‌ಬಾಲ್ ಕಿರೀಟ ಗೆದ್ದಿತು. ಲೀಟ್ರಿಮ್ ತನ್ನ ಪ್ರಾಂತವನ್ನು ಗೆದ್ದದ್ದು ಇಡೀ ಚರಿತ್ರೆಯಲ್ಲಿ 1927 ಮತ್ತು 1994ರಲ್ಲಿ, ಎರಡೇ ಸಲ. ಆನೆಯನ್ನೂ ಆಡನ್ನೂ ಒಂದೇ ನೊಗಕ್ಕೆ ಕಟ್ಟಿ ಇಬ್ಬರಿಗೂ ಸಮಾನ ಅವಕಾಶವಿದೆ ಎಂದರೆ ಅದನ್ನು ಸಮಾನತೆ ಎನ್ನಲಾದೀತೆ?

2021ರ ಅಕ್ಟೋಬರಿನ ವಿಶೇಷ ಅಧಿವೇಶನದಲ್ಲಿ, ಸರಿಸಮಾನ ಬಲದ ತಂಡಗಳು ಲೀಗಿನಲ್ಲಿ ಆಡಿ ಅದರಿಂದಲೇ ಚಾಂಪಿಯನ್‌ಶಿಪ್ಪಿಗೆ ಬರಬೇಕೆಂಬ ಸೂಚನೆ ಬಂತು. ಪರವಾಗಿ 85, ವಿರೋಧವಾಗಿ 83. ಬಹುಮತ ಬಂದರೂ ಸೂಚನೆ ಬಿದ್ದುಹೋಯಿತು. ಏಕೆಂದರೆ ನಿಯಮದಂತೆ ಶೇಕಡಾ 60 ಬೇಕು. ಆದರೆ ಆ ಮತ ವ್ಯರ್ಥವಾಗಲಿಲ್ಲ. 2022ರಲ್ಲಿ ಕೆಳಗಿನ ದರ್ಜೆಯ ಕೌಂಟಿಗಳಿಗಾಗಿ ಟಾಲ್ಟನ್ ಕಪ್ ಆರಂಭವಾಯಿತು. ಮೊದಲ ವರ್ಷ ವೆಸ್ಟ್‌ಮೀತ್ ಗೆದ್ದಿತು. 2023ರಿಂದ ಮೇಲಿನ 16 ತಂಡಗಳನ್ನು ನಾಲ್ಕು ಗುಂಪು ಮಾಡಿದರು. ಅದರಲ್ಲೂ ಹುಳುಕು: ಗುಂಪಿನ ನಾಲ್ವರಲ್ಲಿ ಮೂವರು ಮುಂದಕ್ಕೆ. ಅಂದರೆ 24 ಪಂದ್ಯ ಆಡಿ ಹೊರಹಾಕಿದ್ದು ನಾಲ್ಕೇ ತಂಡ. ಜನಕ್ಕೆ ರುಚಿಸಲಿಲ್ಲ. 2025ರ ಮಹಾಧಿವೇಶನ ಗುಂಪುಗಳನ್ನು ತೆಗೆದುಹಾಕಿ, 2026ರಿಂದ ಗೆದ್ದವರಿಗೊಂದು ದಾರಿ, ಸೋತವರಿಗೆ ಇನ್ನೊಂದೇ ಅವಕಾಶ ಎಂಬ ಕ್ರಮವನ್ನು ಒಪ್ಪಿತು. ತಪ್ಪನ್ನು ಕಂಡು ತಿದ್ದಿಕೊಳ್ಳುವುದು ಅವಮಾನವಲ್ಲ.

ವಿರೋಧಿಗಳ ಮಾತನ್ನೂ ನ್ಯಾಯವಾಗಿ ಕೇಳಬೇಕು. ಜುಲೈಯಲ್ಲೇ ದೊಡ್ಡ ಪಂದ್ಯ ಮುಗಿದರೆ ಆಗಸ್ಟ್ ಸೆಪ್ಟೆಂಬರಿನಲ್ಲಿ ಮಕ್ಕಳ ಮನಸ್ಸು ರಗ್ಬಿ, ಸಾಕರ್ ಕಡೆಗೆ ಹೋಗುತ್ತದೆ ಎನ್ನುತ್ತಾರೆ. ಪಂದ್ಯದ ದಿನ ನಾಲ್ಕು ಕಾಸು ಕಾಣುವ ಊರಿನ ವ್ಯಾಪಾರಿಗೆ ಅಂಥ ದಿನಗಳು ಒತ್ತೊತ್ತಾಗಿ ಬಂದು ಬೇಗ ಮುಗಿದುಹೋಗುತ್ತವೆ. ಈ ಮಾತಿನಲ್ಲಿ ಹುರುಳಿದೆ. ಕೌಂಟಿ ಆಟಗಾರನ ಕಷ್ಟವೂ ಸಣ್ಣದಲ್ಲ. ತನ್ನ ಉದ್ಯೋಗದ ಮೇಲೆ ಅವನು ವಾರಕ್ಕೆ 31 ಗಂಟೆಯವರೆಗೂ ಆಟಕ್ಕೆ ಕೊಡುತ್ತಿದ್ದನೆಂದು 2018ರ ಒಂದು ಸಂಶೋಧನಾ ವರದಿ ಹೇಳಿತು. ಕೂಲಿಯಿಲ್ಲದ ಎರಡನೆಯ ಪಾಳಿ ಇದು! ಹೆಂಗಸರ ಫುಟ್‌ಬಾಲಿಗೂ, ಹೆಂಗಸರ ಹರ್ಲಿಂಗಾದ ಕಮೋಗಿಗೂ ಬೇರೆ ಬೇರೆ ಸಂಘಗಳಿದ್ದುದರಿಂದ, ಎರಡೂ ಆಡುವ ಹುಡುಗಿಗೆ ಒಂದೇ ದಿನ ಎರಡು ಪಂದ್ಯ ಬಿದ್ದದ್ದೂ ಉಂಟು. ಮೂರೂ ಸಂಘಗಳು 2027ಕ್ಕೆ ಒಂದಾಗಬೇಕೆಂಬ ಗುರಿಯನ್ನು 2024ರಲ್ಲಿ ಸಾರಿದ್ದಾರೆ. ಒಂದೇ ಸೂರಿನಡಿ ಒಂದೇ ಪಟ್ಟಿ ಬರುವ ತನಕ ಸುಧಾರಣೆ ಅರ್ಧವೇ.

ಸಂಗಾತಿಗಳೆ, ಇದರಿಂದ ನಾವು ತಿಳಿಯಬೇಕಾದದ್ದು ಮೂರು ಸಂಗತಿ. ಒಂದು: ಜನರೇ ಕಟ್ಟಿದ ಸಂಘದಲ್ಲಿಯೂ ದುಡ್ಡು ಹುಟ್ಟುವ ಕಡೆಗೆ ಅಧಿಕಾರ ವಾಲುತ್ತದೆ. ಅದಕ್ಕೆ ಕೆಟ್ಟ ಮನುಷ್ಯರೇ ಬೇಕಿಲ್ಲ, ಕೆಳಗಿನವರು ಸುಮ್ಮನಿದ್ದರೆ ಸಾಕು. ಎರಡು: ‘ಏಪ್ರಿಲ್ ನಿಮ್ಮದು’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ, ತಾರೀಖು ನಿಯಮದಲ್ಲಿ ಬರೆದಿರಬೇಕು, ಮುರಿದವನನ್ನು ಕೇಳುವವರಿರಬೇಕು. ಮೂರು: ಬೇಡಿಕೆ ಸಣ್ಣದಿದ್ದರೂ ಸ್ಪಷ್ಟವಾಗಿರಲಿ. ಒಂದೇ ಮಾತನ್ನು ನಾಲ್ಕು ವರ್ಷ ಬಿಡದೆ ಹೇಳಿದವರಿಗೆ, ಅವಕಾಶ ಬಂದಾಗ ಉತ್ತರ ಸಿದ್ಧವಾಗಿತ್ತು.

ನಮ್ಮ ಯೂನಿಯನ್ನಿನಲ್ಲಿ, ನಮ್ಮ ವರ್ತಕರ ಸಂಘದಲ್ಲಿ, ನಮ್ಮ ಪಕ್ಷದಲ್ಲಿಯೂ ಸಭೆಯ ದಿನವನ್ನು ಯಾರು ಗೊತ್ತುಮಾಡುತ್ತಾರೆ, ಯಾರ ಅನುಕೂಲ ನೋಡಿ ಗೊತ್ತುಮಾಡುತ್ತಾರೆ, ರಾತ್ರಿ ಪಾಳಿಯವನು ಅದಕ್ಕೆ ಬರಬಲ್ಲನೆ ಎಂದು ಕೇಳಿ ನೋಡಿ. ಕೇಳುವ ಹಕ್ಕು ಸದಸ್ಯನದು. ಉತ್ತರ ಕೊಡುವ ಭಾರ ನಮ್ಮಂಥ ಕಾರ್ಯಕರ್ತರದು.